ಒಂದೇ ಹಡಗು, ಹತ್ತಾರು ರೇಟು: ಕ್ಯಾಬಿನ್ ಟಿಕೆಟ್‌ನ 200 ವರ್ಷದ ಕಥೆ

1/10
ಹಬ್ಬದ ಹಿಂದಿನ ದಿನ ಬೆಂಗಳೂರಿಂದ ಹುಬ್ಬಳ್ಳಿಗೆ ಸ್ಲೀಪರ್ ಬಸ್ ಬುಕ್ ಮಾಡೋಕೆ ಹೋಗಿದ್ದೀರಾ? ಹಾಗಾದ್ರೆ ಈ ಕಥೆಯ ಅರ್ಧ ನಿಮಗೆ ಆಗ್ಲೇ ಗೊತ್ತು. ಅದೇ ಬಸ್ಸು, ಅದೇ ಡ್ರೈವರು, ಅದೇ ರಸ್ತೆ. ಮಂಗಳವಾರ ಒಂದು ರೇಟು, ಹಬ್ಬದ ರಾತ್ರಿ ಬೇರೆಯೇ ರೇಟು.

ಈಗ ಬಸ್ಸಿನ ಜಾಗದಲ್ಲಿ ಒಂದು ದೊಡ್ಡ ಕ್ರೂಸ್ ಹಡಗು ಇಟ್ಕೊಳ್ಳಿ. ಸಾವಿರಾರು ಜನ, ನೂರಾರು ರೂಮು. ಎಲ್ಲರೂ ಒಂದೇ ದಿನ ಹೊರಟು, ಒಂದೇ ಸಮುದ್ರ ನೋಡಿ, ಒಂದೇ ದಿನ ವಾಪಸ್ ಬರ್ತಾರೆ. ಆದ್ರೆ ಕೆಳಗಿನ ಕಿಟಕಿ ಇಲ್ಲದ ರೂಮಿನವರು ಕೊಟ್ಟ ದುಡ್ಡಿಗೂ ಮೇಲಿನ ಸ್ವೀಟ್‌ನವರು ಕೊಟ್ಟ ದುಡ್ಡಿಗೂ ಹತ್ತು ಪಟ್ಟು ವ್ಯತ್ಯಾಸ ಇರಬಹುದು. ಪಕ್ಕಪಕ್ಕದ ಎರಡು ಒಂದೇ ಥರದ ರೂಮಿಗೂ ಒಂದೇ ರೇಟು ಇರಲ್ಲ.

ಯಾರು ಇದನ್ನ ನಿರ್ಧಾರ ಮಾಡೋರು? ಯಾವಾಗಿಂದ ಹೀಗೆ? ನಮ್ಮ ಕ್ಲಾಸಿನ ಪ್ರೈಸಿಂಗ್ ಚಾಪ್ಟರ್‌ನಲ್ಲಿ ಎರಡು ಪುಟದಲ್ಲಿ ಮುಗಿಯೋ ವಿಷಯಕ್ಕೆ 200 ವರ್ಷದ ಇತಿಹಾಸ ಇದೆ. ಅದರ ಮಧ್ಯೆ ಒಂದು ರಾತ್ರಿ, ಟಿಕೆಟ್‌ನ ದರ್ಜೆ ಜೀವದ ಲೆಕ್ಕವೂ ಆಗಿಹೋಯ್ತು. ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

2/10
ಖಾಲಿ ಹಾಸಿಗೆಗೆ ಬೆಲೆ ಬಂದ ದಿನ

1818ಕ್ಕಿಂತ ಮುಂಚೆ ಅಟ್ಲಾಂಟಿಕ್ ಸಾಗರ ದಾಟೋ ಹಡಗುಗಳು ಯಾವಾಗ ಹೊರಡ್ತಿದ್ವು ಗೊತ್ತಾ? ತುಂಬಿದಾಗ. ನಮ್ಮ ಊರ ಟೆಂಪೋ, ಮ್ಯಾಕ್ಸಿಕ್ಯಾಬ್ ಥರಾನೇ. ಸರಕು ಸಾಕಷ್ಟು ಬರಬೇಕು, ಗಾಳಿ ಸರಿಯಾಗಿರಬೇಕು, ಕ್ಯಾಪ್ಟನ್‌ಗೆ ಮನಸ್ಸು ಬರಬೇಕು. ಪ್ರಯಾಣಿಕರು ಬಂದರಿನ ವಸತಿಗೃಹದಲ್ಲಿ ದಿನಗಟ್ಟಲೆ ಕಾಯ್ತಾ ಕೂರಬೇಕು.

ನ್ಯೂಯಾರ್ಕ್‌ನ ಬ್ಲ್ಯಾಕ್ ಬಾಲ್ ಲೈನ್ ಅನ್ನೋ ಕಂಪನಿ ಇದನ್ನ ಮುರೀತು. ತಿಂಗಳಿಗೊಮ್ಮೆ, ಹೇಳಿದ ತಾರೀಖಿಗೆ, ತುಂಬಿದ್ರೂ ತುಂಬದಿದ್ರೂ ಹಡಗು ಹೊರಡುತ್ತೆ ಅಂತ ಜಾಹೀರಾತು ಕೊಟ್ರು. 1818ರ ಜನವರಿ 5, ಹಿಮ ಬೀಳ್ತಾ ಇತ್ತು. 'ಜೇಮ್ಸ್ ಮನ್ರೋ' ಹಡಗು ಬರೀ 8 ಜನ ಪ್ರಯಾಣಿಕರನ್ನ ಇಟ್ಕೊಂಡು ಲಿವರ್‌ಪೂಲ್ ಕಡೆ ಹೊರಟೇಬಿಡ್ತು.

ಕಾಮರ್ಸ್ ಕಣ್ಣಲ್ಲಿ ನೋಡಿದ್ರೆ ಇದು ದೊಡ್ಡ ಘಟನೆ. ತಾರೀಖು ಫಿಕ್ಸ್ ಆದ ಕ್ಷಣದಿಂದ ಹಡಗಿನ ಹಾಸಿಗೆ ಮಾರ್ಕೆಟ್ಟಿನ ಹೂವಿನ ಥರ ಆಯ್ತು. ಹೊರಡೋ ತನಕ ಅದಕ್ಕೆ ಬೆಲೆ, ಹೊರಟ ಮೇಲೆ ಸೊನ್ನೆ. ಸಂಜೆ ಹೂವಿನಮ್ಮ ಮೊಳದ ರೇಟು ಯಾಕೆ ಇಳಿಸ್ತಾರೋ, ಹಡಗಿನವರಿಗೂ ಅದೇ ಆಸೆ ಬರುತ್ತೆ. ಆದ್ರೆ ಒಂದು ಕಷ್ಟ. ಕೊನೇ ಗಳಿಗೆಯಲ್ಲಿ ಯಾವಾಗ್ಲೂ ಇಳಿಸ್ತಾರೆ ಅಂತ ಗೊತ್ತಾದ್ರೆ ಬೆಳಗ್ಗೆ ಯಾರೂ ಹೂವು ಕೊಳ್ಳಲ್ಲ. ಮುಂಚೆ ಬಂದವರನ್ನ ಕಳ್ಕೊಳ್ಳದೆ, ಕೊನೆಗೆ ಖಾಲಿನೂ ಬಿಡದೆ ಮಾರೋದು ಹೇಗೆ? ಮುಂದಿನ 200 ವರ್ಷ ಕಂಪನಿಗಳು ತಲೆ ಕೆಡಿಸ್ಕೊಂಡಿದ್ದು ಇದಕ್ಕೇ.

3/10
ಬ್ರೋಶರ್ ನೋಡಿ ಮೋಸ ಹೋದ ದೊಡ್ಡ ಲೇಖಕ

1840ರಲ್ಲಿ ಕ್ಯುನಾರ್ಡ್ ಕಂಪನಿಯ 'ಬ್ರಿಟಾನಿಯಾ' ಅನ್ನೋ ಸ್ಟೀಮರ್ ಲಿವರ್‌ಪೂಲಿನಿಂದ ಅಮೆರಿಕಕ್ಕೆ ಓಡಾಟ ಶುರು ಮಾಡ್ತು. ಪ್ರಯಾಣಿಕರ ಜಾಗ 115. ಈ ಕಂಪನಿಯ ಗಟ್ಟಿ ಆದಾಯ ಜನರಿಂದ ಅಲ್ಲ, ಟಪಾಲಿನಿಂದ. ಬ್ರಿಟಿಷ್ ಸರ್ಕಾರದ ಅಂಚೆ ಚೀಲ ಹೊರೋಕೆ ವರ್ಷಾವರ್ಷ ಗುತ್ತಿಗೆ ಹಣ. ಹಾಗಾಗಿ ರೂಮು ಚೆನ್ನಾಗಿರಬೇಕು ಅನ್ನೋ ಒತ್ತಡ ಕಮ್ಮಿ.

1842ರ ಜನವರಿಯಲ್ಲಿ ಇದೇ ಹಡಗು ಹತ್ತಿದವರು ಚಾರ್ಲ್ಸ್ ಡಿಕನ್ಸ್. ಲಂಡನ್ ಏಜೆಂಟ್ ಆಫೀಸಿನ ಗೋಡೆ ಮೇಲೆ ಹಡಗಿನ ಚೆಂದದ ಚಿತ್ರ ನೋಡಿ ಏನೇನೋ ಕಲ್ಪಿಸಿಕೊಂಡು ಹೋದ್ರು. ಹೋಗಿ ನೋಡಿದ್ರೆ ಪೆಟ್ಟಿಗೆನೂ ಒಳಗೆ ಹಿಡಿಸದಷ್ಟು ಸಣ್ಣ ರೂಮು. ಆ ಅನುಭವ ಅವರ 'ಅಮೆರಿಕನ್ ನೋಟ್ಸ್' ಪುಸ್ತಕದಲ್ಲಿದೆ, ಓದಿದ್ರೆ ನಗು ತಡೆಯೋಕಾಗಲ್ಲ. ವಾಪಸ್ ಬರುವಾಗ ಅವರು ಸ್ಟೀಮರ್ ಸಹವಾಸನೇ ಬೇಡ ಅಂತ ಹಾಯಿ ಹಡಗಿನಲ್ಲಿ ಬಂದ್ರು!

ಈಗಲೂ ಆನ್‌ಲೈನ್ ಫೋಟೋದಲ್ಲಿ ರೂಮು ದೊಡ್ಡದಾಗಿ ಕಾಣುತ್ತೆ, ಅದು ವೈಡ್ ಲೆನ್ಸ್ ಮಹಿಮೆ. ಚದರ ಅಡಿ ಎಷ್ಟು ಅಂತ ಬರೆದಿರೋದನ್ನ ಓದಿ, ಫೋಟೋ ನಂಬಬೇಡಿ.

4/10
ನೆರಳಿನ ಕಡೆ ರೂಮು ಬೇಕಾ?

ಇದು ಇಂಡಿಯಾ ರೂಟ್ ಕಥೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನಿಂದ ಬಾಂಬೆಗೆ ಹಡಗುಗಳು ಮೆಡಿಟರೇನಿಯನ್, ಕೆಂಪು ಸಮುದ್ರ, ಅರಬ್ಬೀ ಸಮುದ್ರ ದಾಟಿ ನೇರ ಬರೋಕೆ ಶುರುವಾಯ್ತು. ಪಿ ಅಂಡ್ ಓ ಕಂಪನಿಯದ್ದೇ ಇಲ್ಲಿ ದರ್ಬಾರು. ಎಸಿ ಇಲ್ಲದ ಕಾಲ, ಕಬ್ಬಿಣದ ಹಡಗು, ಕೆಂಪು ಸಮುದ್ರದ ಸೆಕೆ. ರೂಮಂದ್ರೆ ಕಾದ ಬಾಣಲೆ.

ಬರುವಾಗ ಹಡಗಿನ ಎಡಭಾಗ ಬಹುಪಾಲು ಉತ್ತರಕ್ಕೆ ಮುಖ ಮಾಡಿರುತ್ತೆ, ಬಿಸಿಲು ಕಮ್ಮಿ. ವಾಪಸ್ ಹೋಗುವಾಗ ಬಲಭಾಗ ಉತ್ತರಕ್ಕೆ. ಹಾಗಾಗಿ ಬರುವಾಗ ಎಡ, ಹೋಗುವಾಗ ಬಲ ಅಂತ ಶ್ರೀಮಂತರು ಜಾಸ್ತಿ ದುಡ್ಡು ಕೊಟ್ಟು ಬುಕ್ ಮಾಡ್ತಿದ್ರು, ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಟಿಕೆಟ್ ಮೇಲೆ 'ಪಾಶ್' ಅಂತ ಮುದ್ರೆ ಒತ್ತುತ್ತಿದ್ರು, ಆ ಪದ ಬಂದಿದ್ದೇ ಹೀಗೆ ಅಂತ ಒಂದು ಕಥೆ ಇದೆ. ರೀಲ್ಸ್‌ನಲ್ಲೂ ಓಡಾಡುತ್ತೆ.

ಕೇಳೋಕೆ ಮಜಾ. ಆದ್ರೆ ಅಂಥ ಮುದ್ರೆ ಇರೋ ಒಂದು ಟಿಕೆಟ್ ಕೂಡ ಇವತ್ತಿನವರೆಗೆ ಸಿಕ್ಕಿಲ್ಲ. ನಿಘಂಟು ಮಾಡೋರು ಈ ಕಥೆ ಒಪ್ಪಲ್ಲ. ಮುದ್ರೆ ಸುಳ್ಳಾದ್ರೂ ಬಿಸಿಲಿನ ಲೆಕ್ಕ ಸುಳ್ಳಲ್ಲ. ಬಸ್ಸಲ್ಲಿ ಯಾವ ಕಡೆ ಬಿಸಿಲು ಬರುತ್ತೆ ನೋಡ್ಕೊಂಡು ನಾವು ಸೀಟು ಹಿಡಿಯಲ್ವಾ? ರೂಮಿನ ಬೆಲೆ ಅಳತೆಯಲ್ಲಿ ಮಾತ್ರ ಇಲ್ಲ, ಅದು ಹಡಗಿನ ಯಾವ ಜಾಗದಲ್ಲಿದೆ ಅನ್ನೋದ್ರಲ್ಲೂ ಇದೆ.

5/10
ಫಸ್ಟ್ ಕ್ಲಾಸ್ ಫುಲ್, ಡೆಕ್ ಮಾತ್ರ ಖಾಲಿ

1893. ಬಾಂಬೆಯಿಂದ ದಕ್ಷಿಣ ಆಫ್ರಿಕಾಕ್ಕೆ ಹೊರಟ ಯುವ ವಕೀಲ ಮೋಹನದಾಸ ಗಾಂಧಿ. ಕೆಲಸ ಕೊಟ್ಟ ವ್ಯಾಪಾರಿ ಸಂಸ್ಥೆ ಫಸ್ಟ್ ಕ್ಲಾಸ್ ಟಿಕೆಟ್‌ಗೆ ಒಪ್ಪಿತ್ತು. ಆದ್ರೆ ಏಜೆಂಟ್ 'ರೂಮಿಲ್ಲ, ಡೆಕ್‌ನಲ್ಲಿ ಹೋಗಿ' ಅಂದ್ಬಿಟ್ರು. ಗಾಂಧಿ ಒಪ್ಪಲಿಲ್ಲ. ನೇರ ಹಡಗಿಗೇ ಹೋಗಿ ಮುಖ್ಯ ಅಧಿಕಾರಿಯನ್ನ ಕಂಡ್ರು. ಮೊಜಾಂಬಿಕ್‌ನ ಗವರ್ನರ್ ಜನರಲ್ ಹೋಗ್ತಿರೋದ್ರಿಂದ ಎಲ್ಲಾ ತುಂಬಿದೆ ಅಂತ ಗೊತ್ತಾಯ್ತು. ಕೊನೆಗೆ ಆ ಅಧಿಕಾರಿ, ಸಾಮಾನ್ಯವಾಗಿ ಪ್ರಯಾಣಿಕರಿಗೆ ಕೊಡದ, ತಮ್ಮದೇ ಕ್ಯಾಬಿನ್ನಿನ ಹೆಚ್ಚುವರಿ ಹಾಸಿಗೆ ಕೊಟ್ರು. ಇದು ಅವರ ಆತ್ಮಕಥೆಯಲ್ಲೇ ಇದೆ.

ಇದರಲ್ಲಿ ಎರಡು ವಿಷಯ ಇದೆ. ಒಂದು, 'ಫುಲ್' ಅಂದ್ರೆ ನಿಜಕ್ಕೂ ಫುಲ್ ಅಲ್ಲ. ಕೆಲವೊಮ್ಮೆ ಹಡಗಿನವರು ಕೈಯಲ್ಲಿ ಇಟ್ಕೊಂಡಿರೋ ಒಂದೆರಡು ಜಾಗ ಇರ್ತಾವೆ. ಎರಡು, ಆ 'ಡೆಕ್' ಅನ್ನೋದು ಏನು?

ಡೆಕ್ ಪ್ರಯಾಣಿಕ ಅಂದ್ರೆ ರೂಮಿಲ್ಲ, ಮಂಚವಿಲ್ಲ. ಹಾಸಿಗೆ ಸುತ್ಕೊಂಡು ಬಂದು ಸಿಕ್ಕ ಜಾಗದಲ್ಲಿ ಹಾಸೋದು. ನಮ್ಮ ದೇಶದಿಂದ ಆಫ್ರಿಕಾಕ್ಕೆ, ಗಲ್ಫ್‌ಗೆ ದುಡಿಯೋಕೆ ಹೋದ ಲೆಕ್ಕವಿಲ್ಲದಷ್ಟು ಜನ ಹೋಗಿದ್ದು ಹೀಗೇ. ಬಾಂಬೆಯಿಂದ ಮಸ್ಕತ್, ದುಬೈ, ಬಹರೈನ್, ಕುವೈತ್ ಕಡೆ ಓಡ್ತಿದ್ದ 'ದ್ವಾರಕಾ' ಹಡಗು 1982ರವರೆಗೂ ಡೆಕ್ ಪ್ರಯಾಣಿಕರನ್ನ ಹೊತ್ತಿತ್ತು. ಮಂಗಳೂರು, ಉಡುಪಿ, ಭಟ್ಕಳ ಕಡೆ ಗಲ್ಫ್ ಸಂಬಂಧ ಇರೋ ಮನೆಯ ಅಜ್ಜಂದಿರನ್ನ ಒಮ್ಮೆ ಕೇಳಿ ನೋಡಿ, ಬಾಂಬೆ ಬಂದರಿನ ನೆನಪು ಇದ್ದರೂ ಇರಬಹುದು.

6/10
ಕ್ರೂಸ್ ಅನ್ನೋ ಐಡಿಯಾ ಹುಟ್ಟಿದ್ದು ಚಳಿಗಾಲದ ನಷ್ಟದಲ್ಲಿ

ಜರ್ಮನಿಯ ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲಿನ್. ಅವರ ಮನೆತನದ ಕಸುಬೇ ಅಮೆರಿಕಕ್ಕೆ ವಲಸೆ ಹೋಗೋ ಬಡವರಿಗೆ ಹಡಗಿನ ಟಿಕೆಟ್ ಮಾರೋದು. ಆಮೇಲೆ ಬಾಲಿನ್ ಹ್ಯಾಂಬರ್ಗ್-ಅಮೆರಿಕ ಲೈನ್ ಸೇರಿ ಅದರ ಮುಖ್ಯಸ್ಥರೂ ಆದ್ರು.

ಅವರ ಸಮಸ್ಯೆ ಇಷ್ಟೇ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟೋಕೆ ಜನ ಬರಲ್ಲ. ಹಡಗು ಸುಮ್ನೆ ಬಂದರಿನಲ್ಲಿ ನಿಲ್ಲುತ್ತೆ. ಆದ್ರೆ ಸಾಲದ ಬಡ್ಡಿ ನಿಲ್ಲಲ್ಲ, ಸಿಬ್ಬಂದಿ ಸಂಬಳ ನಿಲ್ಲಲ್ಲ. ಫಿಕ್ಸೆಡ್ ಕಾಸ್ಟ್ ಅಂದ್ರೆ ಇದೇ ತಾನೆ? 1891ರ ಜನವರಿ 22ಕ್ಕೆ 'ಆಗಸ್ಟಾ ವಿಕ್ಟೋರಿಯಾ' ಹಡಗನ್ನ 241 ಜನರೊಂದಿಗೆ ಮೆಡಿಟರೇನಿಯನ್ ಕಡೆ ಸುತ್ತಾಟಕ್ಕೆ ಕಳಿಸಿದ್ರು. ಎಲ್ಲೋ ತಲುಪೋಕಲ್ಲ, ಸುಮ್ನೆ ಸುತ್ತಿ ಬರೋಕೆ. ಸುಮಾರು ಎರಡು ತಿಂಗಳ ಪ್ರವಾಸ. ಬಾಲಿನ್ ಹೆಂಡತಿ ಜೊತೆ ತಾವೂ ಹೋದ್ರು.

ಯಶಸ್ವಿಯಾಯ್ತು. 1900ರಲ್ಲಿ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್' ಅಂತ ಕ್ರೂಸ್‌ಗೋಸ್ಕರವೇ ಒಂದು ಹಡಗು ಕಟ್ಟಿಸಿ ನೀರಿಗಿಳಿಸಿದ್ರು. ಅದರಲ್ಲಿ ಬರೀ ಫಸ್ಟ್ ಕ್ಲಾಸ್.

ಗಮನಿಸಿ. ಐಷಾರಾಮಿ ಕ್ರೂಸ್ ಹುಟ್ಟಿದ್ದು ಐಷಾರಾಮಕ್ಕಲ್ಲ, ಖಾಲಿ ಹಡಗು ತುಂಬಿಸೋಕೆ. ಆ ಹಡಗು ಕಟ್ಟೋಕೆ ಬಲ ಕೊಟ್ಟಿದ್ದು ವರ್ಷಪೂರ್ತಿ ಕೆಳಗಿನ ಅಂತಸ್ತಿನಲ್ಲಿ ಇಕ್ಕಟ್ಟಾಗಿ ಮಲಗಿ ಹೋದ ವಲಸಿಗರ ಸಣ್ಣ ಸಣ್ಣ ಟಿಕೆಟ್.

7/10
512 ಪೌಂಡ್ ಮತ್ತು 8 ಪೌಂಡ್

ಟೈಟಾನಿಕ್ ಸಿನಿಮಾ ಎಲ್ಲರೂ ನೋಡಿದ್ದೀರಿ. ಈಗ ಅದರ ಟಿಕೆಟ್ ನೋಡಿ.

1912ರ ಏಪ್ರಿಲ್. ಥರ್ಡ್ ಕ್ಲಾಸ್ ಟಿಕೆಟ್ ಹೆಚ್ಚುಕಮ್ಮಿ 7ರಿಂದ 9 ಪೌಂಡ್. ಅದೇ ಹಡಗಿನಲ್ಲಿ ಅಮೆರಿಕದ ಶ್ರೀಮಂತೆ ಶಾರ್ಲಟ್ ಕಾರ್ಡೆಜಾ, ಅವರ ಮಗ, ಇಬ್ಬರು ಸೇವಕರು ಸೇರಿ ನಾಲ್ಕು ಜನಕ್ಕೆ ಕೊಟ್ಟಿದ್ದು 512 ಪೌಂಡ್. 8 ಪೌಂಡ್ ಲೆಕ್ಕದಲ್ಲಿ ಆ ದುಡ್ಡಿಗೆ 64 ಜನ ಹೋಗಬಹುದಿತ್ತು.

ಹಡಗಿನ ನಡುಭಾಗದಲ್ಲಿ ತೂಗಾಟ ಕಮ್ಮಿ. ಹಾಗಾಗಿ ಅದು ಫಸ್ಟ್ ಕ್ಲಾಸ್‌ಗೆ. ಥರ್ಡ್ ಕ್ಲಾಸ್ ಮುಂದಿನ ತುದಿ, ಹಿಂದಿನ ತುದಿಯಲ್ಲಿ. ಒಂಟಿ ಗಂಡಸರು ಮುಂದೆ, ಹೆಂಗಸರು ಮತ್ತು ಸಂಸಾರಸ್ಥರು ಹಿಂದೆ. 700ರಷ್ಟಿದ್ದ ಥರ್ಡ್ ಕ್ಲಾಸ್‌ನವರಿಗೆ ಸ್ನಾನದ ತೊಟ್ಟಿ ಎರಡೇ. ಇಷ್ಟರವರೆಗೆ ಇದು ಬರೀ ಪ್ರೈಸಿಂಗ್. ಸೌಕರ್ಯ ಕಮ್ಮಿ, ದುಡ್ಡು ಕಮ್ಮಿ. ಸರಿ.

ಆದ್ರೆ ಹಡಗು ಮುಳುಗುವಾಗ ಆ ನಕ್ಷೆಯೇ ಬೇರೆ ಅರ್ಥ ಪಡೀತು. ಲೈಫ್‌ಬೋಟ್‌ಗಳು ಮೇಲಿನ ಡೆಕ್‌ನಲ್ಲಿ, ಫಸ್ಟ್ ಕ್ಲಾಸ್‌ನವರ ಓಡಾಟದ ಜಾಗದ ಪಕ್ಕ. ಕೆಳಗಿನವರಿಗೆ ದಾರಿಯೇ ಗೊತ್ತಿಲ್ಲ, ಎಷ್ಟೋ ಜನಕ್ಕೆ ಇಂಗ್ಲಿಷ್ ಬರಲ್ಲ. ಜಾನ್ ಹಾರ್ಟ್ ಅನ್ನೋ ಒಬ್ಬ ಸ್ಟೀವರ್ಡ್ ಎರಡು ಸಲ ಕೆಳಗಿಳಿದು ಹೆಂಗಸರು ಮಕ್ಕಳ ಗುಂಪನ್ನ ಮೇಲೆ ಕರ್ಕೊಂಡು ಬಂದ್ರು. ಆದ್ರೆ ಒಬ್ಬರ ಕೈಯಲ್ಲಿ ಎಷ್ಟಾಗುತ್ತೆ? ಬೋಟುಗಳಲ್ಲಿ ಒಟ್ಟು ಜಾಗ 1,178. ಹಡಗಿನಲ್ಲಿ ಇದ್ದವರು ಸುಮಾರು 2,200. ಆದ್ರೂ ಇದು ಕಾನೂನು ಪ್ರಕಾರ ಸರಿಯೇ ಇತ್ತು. ಯಾಕಂದ್ರೆ 10,000 ಟನ್ನಿಗಿಂತ ದೊಡ್ಡ ಹಡಗು ಎಷ್ಟೇ ದೊಡ್ಡದಿರಲಿ, 16 ಬೋಟ್ ಸಾಕು ಅಂತ ಆಗಿನ ಬ್ರಿಟಿಷ್ ನಿಯಮ. ಟೈಟಾನಿಕ್ 46,000 ಟನ್ ಮೀರಿದ ಹಡಗು.

ಬ್ರಿಟಿಷ್ ವಿಚಾರಣೆಯ ಲೆಕ್ಕ: ಫಸ್ಟ್ ಕ್ಲಾಸ್‌ನಲ್ಲಿ ಬದುಕಿದವರು 100ಕ್ಕೆ ಸುಮಾರು 62. ಸೆಕೆಂಡ್ ಕ್ಲಾಸ್‌ನಲ್ಲಿ 41. ಥರ್ಡ್ ಕ್ಲಾಸ್‌ನಲ್ಲಿ 25.

ಕಾರ್ಡೆಜಾ ಟಿಕೆಟ್‌ನ ನಾಲ್ಕೂ ಜನ ಬದುಕಿದ್ರು. ಅವರು ತಪ್ಪು ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಥರ್ಡ್ ಕ್ಲಾಸ್ ಟಿಕೆಟ್ ಕೊಂಡವರು ಒಳ್ಳೆ ಊಟ, ಒಳ್ಳೆ ಹಾಸಿಗೆ ಬೇಡ ಅಂತ ಒಪ್ಪಿದ್ರೇ ಹೊರತು ಬದುಕೋ ಅವಕಾಶ ಬೇಡ ಅಂತ ಒಪ್ಪಿರಲಿಲ್ಲ.

1914ರಲ್ಲಿ ಲಂಡನ್‌ನಲ್ಲಿ ದೇಶಗಳು ಸೇರಿ ಸಮುದ್ರ ಸುರಕ್ಷತೆಯ ಒಪ್ಪಂದ ಮಾಡಿದ್ವು. ಹಡಗಿನಲ್ಲಿರೋ ಪ್ರತಿಯೊಬ್ಬರಿಗೂ ಲೈಫ್‌ಬೋಟ್‌ನಲ್ಲಿ ಜಾಗ ಇರಬೇಕು. ಮಹಾಯುದ್ಧ ಅಡ್ಡ ಬಂತು, 1929ರಲ್ಲಿ ಮತ್ತೆ ಒಪ್ಪಂದ ಆಯ್ತು. ಬೆಲೆ ಯಾವುದನ್ನ ಬೇರೆ ಮಾಡಬಹುದು, ಯಾವುದನ್ನ ಮಾಡಬಾರದು ಅನ್ನೋ ಗೆರೆಯನ್ನ ಕಂಪನಿಗಳು ತಾವಾಗೇ ಎಳೆದಿದ್ದಲ್ಲ, 1,500ಕ್ಕೂ ಹೆಚ್ಚು ಜನ ಸತ್ತ ಮೇಲೆ ಕಾನೂನು ಎಳೆದಿದ್ದು.

8/10
ಅದೇ ರೂಮು, ಹೊಸ ಹೆಸರು. ಗಿರಾಕಿ ಯಾರು? ಸ್ಟೂಡೆಂಟ್ಸ್!

1921 ಮತ್ತು 1924ರಲ್ಲಿ ಅಮೆರಿಕ ವಲಸಿಗರ ಸಂಖ್ಯೆಗೆ ಮಿತಿ ಹಾಕ್ತು. ಹಡಗು ಕಂಪನಿಗಳ ಕೆಳಗಿನ ಅಂತಸ್ತು ಒಮ್ಮೆಲೇ ಖಾಲಿ. ಹಡಗು ಅಷ್ಟೇ ದೊಡ್ಡದು, ಕಲ್ಲಿದ್ದಲು ಅಷ್ಟೇ ಬೇಕು, ಆದ್ರೆ ಅನ್ನ ಹಾಕ್ತಿದ್ದ ಗಿರಾಕಿಯೇ ಇಲ್ಲ.

ಏನು ಮಾಡಿದ್ರು? ಅವೇ ಜಾಗಗಳಿಗೆ ಬಣ್ಣ ಬಳಿದು, ರೂಮು ಚೊಕ್ಕ ಮಾಡಿ, 'ಟೂರಿಸ್ಟ್ ಥರ್ಡ್ ಕ್ಯಾಬಿನ್' ಅಂತ ಹೊಸ ಹೆಸರಿಟ್ರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳಿಗೆ ಬೇಸಿಗೆ ರಜೆಯಲ್ಲಿ ಯೂರೋಪ್ ನೋಡ್ಕೊಂಡು ಬನ್ನಿ ಅಂತ ಮಾರಿದ್ರು. 'ಸ್ಟಿಯರೇಜ್' ಅಂದ್ರೆ ಮೂಗು ಮುರೀತಿದ್ದ ಜನ ಅದೇ ಅಂತಸ್ತಿಗೆ ಖುಷಿಯಿಂದ ದುಡ್ಡು ಕೊಟ್ಟು ಹೋದ್ರು.

ನಮ್ಮ ಮಾರ್ಕೆಟಿಂಗ್ ಪೇಪರ್‌ನಲ್ಲಿ 'ರೀಪೊಸಿಷನಿಂಗ್' ಅಂತ ಐದು ಮಾರ್ಕ್ಸ್ ಪ್ರಶ್ನೆ ಬಂದ್ರೆ ಈ ಉದಾಹರಣೆ ಬರೀರಿ.

9/10
ವಿಮಾನ ಬಂತು, ಬಾಲ್ಕನಿ ಬಂತು

1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಸೇವೆ ಶುರು. ಐದು ದಿನದ ದಾರಿ ಕೆಲವೇ ಗಂಟೆ. ದೊಡ್ಡ ದೊಡ್ಡ ಹಡಗುಗಳು ನಷ್ಟಕ್ಕೆ ಬಿದ್ವು. 'ಕ್ವೀನ್ ಮೇರಿ' 1967ರಲ್ಲಿ ನಿವೃತ್ತಿಯಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋಟೆಲ್ ಆಯ್ತು. ತಲುಪಿಸೋ ವ್ಯಾಪಾರ ಮುಗೀತು. ಉಳಿದಿದ್ದು ಬಾಲಿನ್ ಐಡಿಯಾ: ಸುತ್ತಾಡಿಸೋ ವ್ಯಾಪಾರ. 1972ರಲ್ಲಿ ಕಾರ್ನಿವಲ್ ಕಂಪನಿ ಒಂದು ಹಳೇ ಹಡಗು ಕೊಂಡು ಮಯಾಮಿಯಿಂದ ಶುರು ಮಾಡ್ತು. ಮೊದಲ ಟ್ರಿಪ್‌ನಲ್ಲೇ ಹಡಗು ಮರಳಿಗೆ ಸಿಕ್ಕಾಕ್ಕೊಂಡಿತು! ಆದ್ರೂ ಮುಂದೆ ಅದು ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಆಯ್ತು.

ಈಗ ಎಲ್ಲರೂ ಒಂದೇ ಕ್ಲಾಸ್ ಅಂತಾರೆ. ಹಾಗಾದ್ರೆ ಬೆಲೆಯಲ್ಲಿ ವ್ಯತ್ಯಾಸ ತರೋದು ಹೇಗೆ? ಕಿಟಕಿಯಿಂದ. ಹಡಗಿಗೆ ಇರೋ ಅಂಚು ಇಷ್ಟೇ, ಲೇಔಟ್‌ನಲ್ಲಿ ಕಾರ್ನರ್ ಸೈಟ್ ಇದ್ದ ಹಾಗೆ. 1984ರ 'ರಾಯಲ್ ಪ್ರಿನ್ಸೆಸ್'ನಲ್ಲಿ ಎಲ್ಲಾ ರೂಮೂ ಸಮುದ್ರದ ಕಡೆ, ಹಲವಕ್ಕೆ ಬಾಲ್ಕನಿ. ಆಮೇಲೆ ಬಾಲ್ಕನಿ ಇಲ್ಲದೆ ಹೊಸ ಹಡಗು ಮಾರೋದೇ ಕಷ್ಟ ಆಯ್ತು. ಒಳಗಿನ ರೂಮಿಗೂ ಬೆಲೆ ತರಿಸಬೇಕಲ್ಲ? 1999ರ 'ವಾಯೇಜರ್ ಆಫ್ ದಿ ಸೀಸ್'ನಲ್ಲಿ ಹಡಗಿನ ಒಳಗೇ ಒಂದು ಬೀದಿ ಮಾಡಿ, ಆ ಬೀದಿಗೆ ಕಿಟಕಿ ಇಟ್ಟು ಮಾರಿದ್ರು. 2014ರಲ್ಲಿ ಇನ್ನೊಂದು ಹಡಗಿನ ಒಳರೂಮುಗಳಿಗೆ ದೊಡ್ಡ ಸ್ಕ್ರೀನ್ ಹಾಕಿ ಹೊರಗಿನ ಸಮುದ್ರದ ಲೈವ್ ತೋರಿಸಿದ್ರು. ಸುಳ್ಳು ಬಾಲ್ಕನಿ, ನಿಜವಾದ ಬೆಲೆ!

ಒಂಟಿಯಾಗಿ ಹೋಗೋರ ಕಥೆ ಬೇರೆ. ರೇಟು ಯಾವಾಗ್ಲೂ 'ಇಬ್ಬರು ಹಂಚಿಕೊಂಡರೆ ಒಬ್ಬರಿಗೆ' ಅಂತ ಬರೆದಿರ್ತಾರೆ. ಒಬ್ಬರೇ ಹೋದ್ರೆ ಖಾಲಿ ಹಾಸಿಗೆಗೂ ನೀವೇ ಕೊಡಬೇಕು, ಕೆಲವೊಮ್ಮೆ ಪೂರ್ತಿ ಎರಡು ಪಟ್ಟು. 2010ರಲ್ಲಿ 'ನಾರ್ವೇಜಿಯನ್ ಎಪಿಕ್' ಹಡಗು 128 ಸಣ್ಣ ಸ್ಟುಡಿಯೋ ರೂಮುಗಳನ್ನ ಒಬ್ಬರಿಗಾಗಿಯೇ ಇಟ್ಟಿತು.

ಕ್ಲಾಸ್ ಹೋಯ್ತು ಅನ್ನೋದೂ ಪೂರ್ತಿ ನಿಜ ಅಲ್ಲ. 2004ರ 'ಕ್ವೀನ್ ಮೇರಿ 2'ರಲ್ಲಿ ನೀವು ಯಾವ ಹೋಟೆಲಲ್ಲಿ ಊಟ ಮಾಡ್ತೀರಿ ಅನ್ನೋದನ್ನ ನೀವು ಕೊಂಡ ರೂಮೇ ನಿರ್ಧಾರ ಮಾಡುತ್ತೆ.

10/10
ಹಾಗಾದ್ರೆ ಇವತ್ತಿನ ರೇಟ್ ಕಾರ್ಡ್ ಓದೋದು ಹೇಗೆ?

ನಿಮ್ಮ ಮನೇಲಿ ಯಾರಾದ್ರೂ ಕ್ರೂಸ್ ಬುಕ್ ಮಾಡ್ತಿದ್ರೆ ಈ ಇತಿಹಾಸ ಕೆಲಸಕ್ಕೆ ಬರುತ್ತೆ.

ಒಂದು, ದೊಡ್ಡ ಅಕ್ಷರದ ರೇಟು ಪೂರ್ತಿ ರೇಟಲ್ಲ. ಬಂದರು ಶುಲ್ಕ, ತೆರಿಗೆ, ದಿನಕ್ಕಿಷ್ಟು ಅಂತ ಸಿಬ್ಬಂದಿ ಟಿಪ್ಸ್, ಡ್ರಿಂಕ್ಸ್, ವೈಫೈ, ದಡದಲ್ಲಿ ಸುತ್ತಾಟ, ಎಲ್ಲಾ ಕೂಡಿಸಿ. ಲಕ್ಷುರಿ ಕಂಪನಿಗಳು ಇವನ್ನ ಸೇರಿಸಿಯೇ ಹೇಳೋದುಂಟು. ಅದು ದುಬಾರಿ ಅನ್ಸಿದ್ರೂ ಒಟ್ಟು ಲೆಕ್ಕ ಹಾಕಿ ಹೋಲಿಸಿ.

ಎರಡು, ಸ್ವೀಟ್‌ಗಳು ಸಂಖ್ಯೆಯಲ್ಲಿ ಕಮ್ಮಿ, ಬೇಗ ಹೋಗ್ತವೆ. ಅದು ಬೇಕಿದ್ರೆ ಮುಂಚೆಯೇ ಬುಕ್ ಮಾಡಿ. ಯಾವ ರೂಮಾದ್ರೂ ಸರಿ ಅನ್ನೋರಿಗೆ 'ಗ್ಯಾರಂಟಿ ಕ್ಯಾಬಿನ್' ಇದೆ: ದರ್ಜೆ ನಿಮ್ಮದು, ರೂಮ್ ನಂಬರ್ ಅವರಿಷ್ಟ, ರೇಟು ಕಮ್ಮಿ.

ಮೂರು, ವಾಂತಿ ಬರೋರು ನಡುಭಾಗದ ಕೆಳ ಅಂತಸ್ತು ತಗೊಳ್ಳಿ. ಅಲ್ಲಿ ತೂಗಾಟ ಕಮ್ಮಿ, ಮೇಲಿನ ಅಂತಸ್ತಿಗಿಂತ ಸಾಮಾನ್ಯವಾಗಿ ಅಗ್ಗವೂ ಹೌದು.

ನಾಲ್ಕು, ಋತು ಬದಲಾದಾಗ ಹಡಗುಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ಹೋಗ್ತವೆ. ಖಾಲಿ ಹೋಗೋ ಬದಲು ಕಮ್ಮಿ ರೇಟಿಗೆ ಜನ ಹತ್ತಿಸ್ತಾರೆ. ಬಾಲಿನ್ ಲೆಕ್ಕ ಇನ್ನೂ ಬದುಕಿದೆ. ಚಳಿಗಾಲದಲ್ಲಿ ನವ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ, ಹತ್ತಿರದಲ್ಲಿದ್ರೆ ನೋಡಿ ಬನ್ನಿ.

ಐದು, ಕ್ಯಾನ್ಸಲ್ ಮಾಡಿದ್ರೆ ಎಷ್ಟು ಕಳ್ಕೊಳ್ತೀರಿ ಅಂತ ದುಡ್ಡು ಕಟ್ಟೋಕೆ ಮುಂಚೆ ಓದಿ. ದಿನ ಹತ್ತಿರ ಆದಷ್ಟೂ ಕಡಿತ ಜಾಸ್ತಿ. ಖಾಲಿ ಹಾಸಿಗೆಯ ಭಯವನ್ನ ಕಂಪನಿ ನಿಮ್ಮ ತಲೆಗೆ ದಾಟಿಸೋದು ಹೀಗೆ.

ಕೊನೆಯದಾಗಿ ಒಂದು. ಹೊರಗಿನ ರೂಮುಗಳಲ್ಲೇ ಒಂದು ಅಗ್ಗದ ಬಗೆ ಇದೆ, 'ನೋಟಕ್ಕೆ ಅಡ್ಡಿ ಇರುವ ರೂಮು' ಅಂತ. ಕಿಟಕಿ ಇದೆ, ಆದ್ರೆ ಸಮುದ್ರ ಸರಿಯಾಗಿ ಕಾಣಲ್ಲ. ಅಡ್ಡ ಏನಿರುತ್ತೆ ಗೊತ್ತಾ? ಬಹಳ ಸಲ ಲೈಫ್‌ಬೋಟ್. ಜನ ಅದನ್ನ ನೋಡಿ ಬೇಜಾರು ಮಾಡ್ಕೊಂಡು ಡಿಸ್ಕೌಂಟ್ ಕೇಳ್ತಾರೆ. ಡಿಸ್ಕೌಂಟ್ ತಗೊಳ್ಳಿ, ತಪ್ಪಿಲ್ಲ. ಆ ಬೋಟು ಮಾತ್ರ ಸ್ವೀಟ್‌ನವರಿಗೂ ಕಿಟಕಿ ಇಲ್ಲದ ಒಳರೂಮಿನವರಿಗೂ ಸಮ. ಅದರಲ್ಲಿ ನಿಮಗೊಂದು ಜಾಗ ಇದ್ದೇ ಇದೆ, ಅದಕ್ಕೆ ಬೇರೆ ರೇಟಿಲ್ಲ.

ಹತ್ತೂ ಓದಿದವರು ಕಾಮೆಂಟಲ್ಲಿ ಹೇಳಿ: ದುಡ್ಡು ಎಷ್ಟೇ ಕೊಟ್ರೂ, ಕೊಡದಿದ್ರೂ ಎಲ್ಲರಿಗೂ ಒಂದೇ ಥರ ಸಿಗಲೇಬೇಕು ಅಂತ ನಿಮಗನ್ಸೋದು ಇನ್ನೇನು? ಆಸ್ಪತ್ರೆ? ಬಸ್ಸು? ಕಾಲೇಜು ಸೀಟು? ಮುಂದಿನ ಸೀರೀಸ್‌ಗೆ ವಿಷಯ ಅಲ್ಲಿಂದಲೇ ತಗೋತೀನಿ.

#ಇತಿಹಾಸ #ಬಿಕಾಂಹುಡುಗರು #ಹಡಗಿನಕಥೆ #ಕನ್ನಡದಲ್ಲಿಕಾಮರ್ಸ್